ಸಹಾಯ ಬೇಕು: ಸ್ಪ್ಯಾನಿಷ್ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದುಕೊಂಡರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಾನು ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್‌ ನೀಡುವ ಡೆಲೆ ಎ1 ಎಂಬ ಆರಂಭಿಕ ಹಂತದ ಸ್ಪ್ಯಾನಿಷ್ ಪರೀಕ್ಷೆಗೆ ಮನೆಯಲ್ಲಿಯೇ ಓದುತ್ತಿದ್ದೇನೆ. 200 ಪುಟಗಳ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಹೊಡೆದು, ಎಡಕ್ಕೆ ಸ್ಪ್ಯಾನಿಷ್ ಪದ, ಬಲಕ್ಕೆ ಇಂಗ್ಲಿಷ್ ಅರ್ಥ ಬರೆಯುತ್ತ ಬಂದಿದ್ದೇನೆ. ಈಗ ಆ ಬಲಬದಿಯೇ ನನ್ನ ದಾರಿ ತಪ್ಪಿಸುತ್ತಿದೆ. ‘ಎಕ್ಸಿತೊ’ ಪದದ ಮುಂದೆ ಎಕ್ಸಿಟ್ ಎಂದು ಬರೆದಿದ್ದೆ. ಅದರ ಅರ್ಥ ಯಶಸ್ಸು, ಹೊರಹೋಗುವ ದಾರಿಗೆ ‘ಸಲೀದಾ’ ಎನ್ನಬೇಕು. ‘ಎಂಬರಸಾದಾ’ ಎಂದರೆ ಮುಜುಗರಗೊಂಡವಳಲ್ಲ, ಗರ್ಭಿಣಿ (ಇದನ್ನು ಪರೀಕ್ಷೆಗೆ ಮೊದಲೇ ತಿಳಿದದ್ದು ಪುಣ್ಯ).

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ವಾಕ್ಯರಚನೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದಕ್ಕೆ ‘ಐ ಲೈಕ್ ಕಾಫಿ’ ಎಂದು ಬರೆದರೆ ಕರ್ತೃವೇ ಬದಲಾಗುತ್ತದೆ. ‘ನನಗೆ ಕಾಫಿ ಸೇರುತ್ತದೆ’ ಎಂಬ ನಮ್ಮ ವಾಕ್ಯವಾದರೋ ಅದಕ್ಕೆ ಸರಿಯಾಗಿ ಹೊಂದುತ್ತದೆ. ‘ಚಾವಿ’ಗೆ ‘ಯಾವೆ’ ಎಂಬುದೂ ಕೂಡಲೇ ನೆನಪಿನಲ್ಲಿ ನಿಂತಿತು, ಏಕೆಂದರೆ ನಮ್ಮ ಚಾವಿ ಬಂದದ್ದು ಸ್ಪ್ಯಾನಿಷಿಗೆ ಹತ್ತಿರದ ಪೋರ್ಚುಗೀಸಿನ ‘ಚಾವೆ’ಯಿಂದ.

ಹೀಗಾಗಿ ಮೂರನೆಯ ಕಾಲಂ ಎಳೆದು ಕನ್ನಡದ ಅರ್ಥವನ್ನೂ ಬರೆಯಬೇಕೆಂದಿದ್ದೇನೆ. ಆದರೆ ಇಂಗ್ಲಿಷಿನ ಒಂದೇ ‘ಟು ಬಿ’ಗೆ ಇರುವ ‘ಸೆರ್’ (ಗುರುತು, ಸ್ವಭಾವಕ್ಕೆ), ‘ಎಸ್ತಾರ್’ (ಸ್ಥಿತಿ, ಇರುವ ಜಾಗಕ್ಕೆ) ಎರಡನ್ನೂ ಕನ್ನಡದಲ್ಲಿ ಹೇಗೆ ಬೇರ್ಪಡಿಸಿ ಬರೆಯುವುದು? ಹೀಗೆ ಕಲಿತವರು ತಮ್ಮ ನೋಟ್ಸಿನ ಒಂದೆರಡು ಪುಟಗಳ ಫೋಟೊ ಹಾಕಿದರೆ ಉಪಕಾರವಾಗುತ್ತದೆ. ಬೆಳಗಾವಿಯಲ್ಲಿ ವಾರಕ್ಕೊಮ್ಮೆ ಜೊತೆಗೆ ಕುಳಿತು ಮಾತನಾಡುವವರಿದ್ದರೆ ದಯವಿಟ್ಟು ತಿಳಿಸಿರಿ.