ಕಾಫಿ ತೋಟದ ಕೆಲಸ, ಅಪ್ಪನ ಕೋವಿ, ಹಂದಿ ಶಿಕಾರಿ: ಕೊಡಗಿಗೆ ಹೊರಟವರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ (ನಮ್ಮ ಗುಂಪಿನ ಸದಸ್ಯರು, ಬೆಂಗಳೂರಿನ ವಿಜಯನಗರ):

ವಕೀಲರಿಗೆ ನಮಸ್ಕಾರ. ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು. ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಕೆಲಸ ಸಿಕ್ಕಿದೆ. ಇರಲು ಬಂಗಲೆ ಕೊಡುತ್ತಾರೆ. ಹೆಂಡತಿ, ಮಕ್ಕಳು (ಎರಡನೇ ಕ್ಲಾಸ್, ಆರನೇ ಕ್ಲಾಸ್), ಅಪ್ಪ ಎಲ್ಲರೂ ಹೋಗುವ ಯೋಚನೆ.

ಅಪ್ಪನ ಹೆಸರಿನಲ್ಲಿ ಒಂದು ಡಬಲ್ ಬ್ಯಾರಲ್ ಕೋವಿ ಇದೆ. ಲೈಸೆನ್ಸ್ ಬೆಂಗಳೂರಿನದು. ಚಿಕ್ಕಂದಿನಿಂದ ಅವರ ಶಿಕಾರಿ ಕಥೆ ಕೇಳಿ ಕೇಳಿ ನನಗೂ ಆಸೆ ಹತ್ತಿದೆ, ಸುಳ್ಳು ಹೇಳುವುದಿಲ್ಲ. ಈ ಕೆಲಸ ಒಪ್ಪಿದ್ದರಲ್ಲಿ ಅದೂ ಒಂದು ಕಾರಣ. "ತೋಟದಲ್ಲಿ ಹಂದಿ ಕಾಟ ಜಾಸ್ತಿ, ಹೊಡೆದರೆ ನಮಗೇ ಉಪಕಾರ" ಎಂದು ಮಾಲೀಕರೇ ಹೇಳಿದ್ದಾರೆ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸೇ ಬೇಡ ಅಂತಾನೂ ಕೇಳಿದ್ದೇನೆ. ತೋಟದ ಬೇಲಿಯೊಳಗೆ ಹಂದಿ ಹೊಡೆಯಬಹುದಾ? ಅಪ್ಪನ ಕೋವಿಯನ್ನು ಅಲ್ಲಿಗೆ ತೆಗೆದುಕೊಂಡು ಹೋಗುವುದು ಹೇಗೆ?

ಉತ್ತರ (ವಕೀಲರು):

ಕೆಲಸ ಸಿಕ್ಕಿದ್ದಕ್ಕೆ ಅಭಿನಂದನೆ. ಶಿಕಾರಿಯನ್ನು ಮಾತ್ರ ಈ ಲೆಕ್ಕದಿಂದ ಪೂರ್ತಿ ತೆಗೆದುಹಾಕಿ. ಅದಿಲ್ಲದೆಯೂ ಆ ಕೆಲಸ ಬೇಕು ಅನಿಸಿದರೆ ಹೋಗಿ, ಇಲ್ಲದಿದ್ದರೆ ಇಲ್ಲೇ ಇರಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಮೇಲೂ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಪಡೆದು ಬೇಟೆಯಾಡಲು ದಾರಿ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಿಮ್ಮ ಅಪ್ಪನ ಕಥೆಗಳು ಆ ಹಿಂದಿನ ಕಾಲದವು ಇರಬೇಕು. ಹಿಂದಿನವು ಎಂದೇ ಹೇಳಿಕೊಳ್ಳಲಿ, ಒಳ್ಳೆಯದು.

ಈಗಿನ ಸ್ಥಿತಿ ಇದು. ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಎಂದು ಹೇಳುವ ಕಾಯ್ದೆಯ ಪಟ್ಟಿಗಳನ್ನು 2022ರ ತಿದ್ದುಪಡಿಯಲ್ಲಿ ಹೊಸದಾಗಿ ಮಾಡಿದರು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಹೊಡೆದರೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುಂಡು ತಪ್ಪಿದರೂ ಬಿಡುಗಡೆ ಇಲ್ಲ. ಕಾಯ್ದೆಯ ಲೆಕ್ಕದಲ್ಲಿ ಪ್ರಯತ್ನವೂ ಬೇಟೆಯೇ. ಓಡಿಸಿಕೊಂಡು ಹೋಗುವುದು, ಉರುಳು ಹಾಕುವುದು, ಆಸೆ ತೋರಿಸಿ ಕರೆಯುವುದು ಎಲ್ಲವೂ ಬೇಟೆ. ಶಿಕ್ಷೆಯಾದರೆ ಕೋವಿ ಲೈಸೆನ್ಸ್ ರದ್ದು ಮಾಡಲು ನ್ಯಾಯಾಲಯಕ್ಕೆ ಅಧಿಕಾರ ಇದೆ, ಐದು ವರ್ಷ ಹೊಸದು ಸಿಗದ ಹಾಗೂ ಮಾಡಬಹುದು. ಆನೆ, ಹುಲಿ, ಕಾಟಿ (ಕಾಡುಕೋಣ), ನವಿಲು ಮೊದಲನೇ ಪಟ್ಟಿಯವು. ಅಲ್ಲಿ ಕನಿಷ್ಠವೇ ಮೂರು ವರ್ಷ, ಏಳರವರೆಗೂ ಹೋಗುತ್ತದೆ. ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಹೊಳೆದ ಕಣ್ಣು ಹಂದಿಯದೋ ಕಾಟಿ ಕರುವಿನದೋ, ಗುಂಡಿಗೆ ಗೊತ್ತಾಗುವುದಿಲ್ಲ.

ತೋಟ ಯಾರದ್ದು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಖಾಸಗಿ ಜಮೀನಿನಲ್ಲಿ ಹೊಡೆದ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಮಾಲೀಕರು ಹೇಳಿದ್ದು ಬಾಯಿಮಾತು, ಕೇಸ್ ಆದ ದಿನ ಎ-1, ಅಂದರೆ ಮೊದಲನೇ ಆರೋಪಿ, ಆಗುವುದು ಕೋವಿ ಹಿಡಿದವನು.

ಒಂದು ಸಣ್ಣ ದಾರಿ ಕಾಯ್ದೆಯಲ್ಲೇ ಇದೆ. ಬೆಳೆಗೋ ಜೀವಕ್ಕೋ ಅಪಾಯ ಮಾಡುವ ಎರಡನೇ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಅದು ಆ ಜಾಗಕ್ಕೆ, ಆ ತೊಂದರೆಗೆ ಕೊಡುವ ಕಾಗದ. ಭಾನುವಾರದ ಶಿಕಾರಿಗೆ ಪರ್ಮಿಟ್ ಅಲ್ಲ.

ಇನ್ನು "ಕೊಡಗಿನಲ್ಲಿ ಲೈಸೆನ್ಸ್ ಬೇಡ" ಎಂಬ ಮಾತು. ಅರ್ಧ ಸತ್ಯ, ಅದಕ್ಕೇ ಅಪಾಯ. ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. ಈಗಿನ ಅಧಿಸೂಚನೆ 2029ರ ಅಕ್ಟೋಬರ್‌ವರೆಗೆ ಇದೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಬೆಂಗಳೂರಿನಿಂದ ಹೋಗಿ ಕೊಡಗಿನಲ್ಲಿ ಮನೆ ಮಾಡಿದವರಿಗೆ ಅದು ಅನ್ವಯಿಸುವುದಿಲ್ಲ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಯಾಡುವುದಕ್ಕಲ್ಲ. ಅಲ್ಲಿನವರಿಗೆ ಇದು ಚೆನ್ನಾಗಿ ಗೊತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಪಂದಿ ಕರಿಗೆ ಮಾಂಸ ಬರುವುದು ಸಾಕಿದ ಹಂದಿಯಿಂದ.

ಅಪ್ಪನ ಕೋವಿ ಅಪ್ಪನದು, ನಿಮ್ಮದಲ್ಲ. ಲೈಸೆನ್ಸ್ ವ್ಯಕ್ತಿಗೆ ಕೊಡುವುದು, ಮನೆಗೆ ಅಲ್ಲ. ಅವರು ನಿಮ್ಮ ಜೊತೆ ಹೋಗಿ ನೆಲೆಸುವುದಾದರೆ, ಹೋದ 30 ದಿನದೊಳಗೆ ವಿಳಾಸ ಬದಲಾವಣೆ ತಿಳಿಸಬೇಕು. ಇಲ್ಲಿ ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಗೆ, ಅಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ, ಎರಡೂ ಕಡೆ. ಕೊಟ್ಟ ಅರ್ಜಿಗೆ ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಲೈಸೆನ್ಸಿನಲ್ಲಿ ಯುಐಎನ್ (ಪ್ರತಿ ಲೈಸೆನ್ಸಿಗೂ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ, ಅವಧಿ ಎಲ್ಲಿಯವರೆಗೆ ಇದೆ, ಈಗಲೇ ನೋಡಿ. ಮುಂದೆ ಕೋವಿ ನಿಮ್ಮ ಹೆಸರಿಗೆ ಬರಬೇಕೆಂದರೆ ಅದಕ್ಕೂ ನಿಯಮ ಇದೆ. ಅಪ್ಪನಿಗೆ 70 ಆಗಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ವಾರಸುದಾರರು ಅರ್ಜಿ ಹಾಕಬಹುದು. ನಿಮಗೆ ಲೈಸೆನ್ಸ್ ಸಿಗುವವರೆಗೆ ಅದನ್ನು ಹೆಗಲಿಗೆ ಹಾಕಿಕೊಂಡು ತೋಟ ಸುತ್ತಿದರೆ ಅದೇ ಒಂದು ಕೇಸ್.

ಸೋಮವಾರಪೇಟೆ ಕಡೆ ಎಂದಿದ್ದೀರಿ. ಪುಷ್ಪಗಿರಿ ವನ್ಯಜೀವಿಧಾಮ ಆ ಭಾಗದಲ್ಲೇ ಇದೆ. ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗೆ ವಾಸ ಇರುವ ಕೋವಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎನ್ನುತ್ತದೆ ಕಾಯ್ದೆ. ಹೊಸ ಲೈಸೆನ್ಸ್ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಬಂಗಲೆ ಆ ಅಳತೆಯೊಳಗೆ ಬರುತ್ತದಾ ಎಂದು ರೇಂಜ್ ಆಫೀಸಿನಲ್ಲಿ ಕೇಳಿ.

ಸಾಗಿಸುವಾಗ ಕೋವಿಯನ್ನು ಪ್ಯಾಕರ್ಸ್ ಲಾರಿಗೆ ಹಾಕಬೇಡಿ. ಅಪ್ಪನೇ, ತೋಟಾ (ಕೋವಿಯ ಗುಂಡು) ತೆಗೆದು, ಚೀಲದಲ್ಲಿಟ್ಟು, ಮೂಲ ಲೈಸೆನ್ಸ್ ಜೊತೆಗೆ ಒಯ್ಯಲಿ. ಹಾಸನದ ಕಡೆಯಿಂದ ಇಲ್ಲವೇ ಕುಶಾಲನಗರದ ಮೇಲೆ ಹೋಗಿ. ಮಕ್ಕಳಿಗೆ ಆನೆ ತೋರಿಸೋಣ ಎಂದು ನಾಗರಹೊಳೆ ಒಳಗಿನ ರಸ್ತೆ ಹಿಡಿಯಬೇಡಿ. ಅನುಮತಿ ಇಲ್ಲದೆ ಆಯುಧದೊಂದಿಗೆ ಅಲ್ಲಿಗೆ ಕಾಲಿಡುವುದೇ ಅಪರಾಧ.

ನೀವು ಕೇಳದ ಒಂದು ವಿಷಯ ಇದೆ. ನನಗೆ ಜಾಸ್ತಿ ಹೆದರಿಕೆ ಅದರದ್ದೇ. ಮ್ಯಾನೇಜರ್ ಆದವನು ಕೋವಿ ಮುಟ್ಟದೆಯೂ ಸಿಕ್ಕಿಬೀಳಬಹುದು. ಹಂದಿಗೆಂದು ಯಾರೋ ಉರುಳು ಹಾಕಿರುತ್ತಾರೆ. ಬೈಕಿನ ಕ್ಲಚ್ ವೈರ್ ಇರುತ್ತದಲ್ಲ, ಅದನ್ನೇ ಜಾರುಗಂಟು ಮಾಡಿ, ಬೇಲಿಯ ಕಂಡಿಯಲ್ಲಿ ಮೊಣಕಾಲೆತ್ತರಕ್ಕೆ ತೂಗುಬಿಟ್ಟು, ಇನ್ನೊಂದು ತುದಿಯನ್ನು ಗಿಡದ ಬುಡಕ್ಕೆ ಬಿಗಿದಿರುತ್ತಾರೆ. ತುಕ್ಕು ಹಿಡಿದರೆ ಬಳ್ಳಿಯ ಹಾಗೇ ಕಾಣುತ್ತದೆ. ಹಂದಿಗೆ ಹಾಕಿದ್ದರಲ್ಲಿ ಚಿರತೆ ಬಿದ್ದರೆ ಮೊದಲು ಕರೆಸುವುದು ತೋಟ ನೋಡಿಕೊಳ್ಳುವವನನ್ನು. ಹಾಗಾಗಿ ಸೇರಿದ ಮೊದಲ ವಾರವೇ ರೈಟರನ್ನೂ (ತೋಟದ ಲೆಕ್ಕ ಬರೆಯುವವರು) ಇಬ್ಬರು ಹಳೇ ಆಳುಗಳನ್ನೂ ಕರೆದುಕೊಂಡು ಇಡೀ ಗಡಿ ಸುತ್ತಿ. ಉರುಳು ಸಿಕ್ಕರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಬೇಲಿಗೆ ಕರೆಂಟ್ ಲೈನಿನಿಂದ ನೇರ ವೈರ್ ಎಳೆದಿದ್ದರೆ ಅವತ್ತೇ ಕಿತ್ತುಹಾಕಿಸಿ, ಮಾಲೀಕರಿಗೆ ಇಮೇಲ್ ಹಾಕಿ. ಬ್ಯಾಟರಿಯ ಸೋಲಾರ್ ಬೇಲಿ ಬೇರೆ, ಅದು ಒಮ್ಮೆ ಶಾಕ್ ಕೊಟ್ಟು ಬಿಟ್ಟುಬಿಡುತ್ತದೆ. ಲೈನ್ ಕರೆಂಟ್ ಕೊಲ್ಲುತ್ತದೆ. ಆನೆಯನ್ನೂ, ನಿಮ್ಮ ಮಕ್ಕಳನ್ನೂ.

ಬಸವನಗುಡಿಯ ಸದಸ್ಯರು:

ಸರ್, ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಲ್ವಾ? ಪಾರಿವಾಳ, ಕಾಡುಕೋಳಿ ಹೊಡೆದರೆ?

ವಕೀಲರು:

.177 ಬೋರ್ ಮೀರದ, 20 ಜೌಲ್ ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ, ನಿಜ. ಆದರೆ ಯಾವುದರಿಂದ ಹೊಡೆದಿರಿ ಎಂದು ವನ್ಯಜೀವಿ ಕಾಯ್ದೆ ಕೇಳುವುದಿಲ್ಲ. ಕವಣೆ ಕಲ್ಲಾದರೂ ಬೇಟೆ ಬೇಟೆಯೇ. ಡಬ್ಬ ಇಟ್ಟು ಗುರಿ ಅಭ್ಯಾಸ ಮಾಡಿ, ಯಾರೂ ಬೇಡ ಅನ್ನಲ್ಲ.

ಪ್ರಶ್ನೆ ಕೇಳಿದವರ ಹೆಂಡತಿ:

ನಮಸ್ಕಾರ ಸರ್. ನಮ್ಮ ಯಜಮಾನರು ಶಿಕಾರಿ ಬಗ್ಗೆ ಇಷ್ಟುದ್ದ ಬರೆದು ಮಕ್ಕಳನ್ನು ಬ್ರಾಕೆಟ್ಟಿನೊಳಗೆ ಹಾಕಿದ್ದಾರೆ. ನನ್ನ ಪ್ರಶ್ನೆ ಸ್ಕೂಲಿನದು, ಆಸ್ಪತ್ರೆಯದು, ಆನೆಯದು. ಆರು ತಿಂಗಳಿಗೇ ಕೆಲಸ ಬಿಡಿ ಅಂದರೆ ನಾವು ಎಲ್ಲಿ ಹೋಗುವುದು?

ವಕೀಲರು:

ಅಮ್ಮಾ, ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು. ನೇಮಕಾತಿ ಪತ್ರ ಕೈಗೆ ಬರುವವರೆಗೆ ಇಲ್ಲಿನ ಮನೆ ಖಾಲಿ ಮಾಡಬೇಡಿ. ಕೆಲಸ ನಿಂತರೆ ಬಂಗಲೆ ಬಿಡಲು ಎಷ್ಟು ಸಮಯ ಎಂಬುದು ಅದರಲ್ಲಿ ಇರಲಿ. ಶಾಲಾ ವರ್ಷ ಮುಗಿಯುವವರೆಗೆ ಎಂದು ಬರೆಸಿಕೊಳ್ಳಲು ಪ್ರಯತ್ನಿಸಿ. ಬಂಗಲೆಯ ಕರೆಂಟು, ನೀರು, ರಿಪೇರಿ ಯಾರ ಲೆಕ್ಕ ಎಂಬುದೂ ಇರಲಿ. ತೋಟದ ಕೆಲಸದಿಂದಾಗಿ ಅರಣ್ಯ ಇಲಾಖೆ ಕೇಸ್ ಹಾಕಿದರೆ ವಕೀಲರ ಖರ್ಚು ಮಾಲೀಕರದ್ದು ಎಂಬ ಸಾಲು ಬೇಕೇ ಬೇಕು. ಹಂದಿ ಹೊಡೆಯಿರಿ ಎಂದವರು ಈ ಸಾಲಿಗೆ ಏನು ಹೇಳುತ್ತಾರೆ, ನೋಡಿ.

ಶಾಲೆಗೆ ಸೋಮವಾರಪೇಟೆ, ಕುಶಾಲನಗರ ಎರಡೂ ಕಡೆ ವಿಚಾರಿಸಿ. ಕೂಡಿಗೆಯ ಸೈನಿಕ ಶಾಲೆಗೆ ಆರು ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತದೆ, ದೊಡ್ಡ ಮಗುವಿಗೆ ಒಂಬತ್ತಕ್ಕೆ ಬರೆಸಬಹುದು. ಗಾಳಿಬೀಡಿನ ನವೋದಯಕ್ಕೆ ಆರನೇ ಕ್ಲಾಸಿಗೆ ಸೇರಬೇಕೆಂದರೆ ಐದನೆಯದನ್ನು ಆ ಜಿಲ್ಲೆಯಲ್ಲೇ ಓದುತ್ತಿರಬೇಕು. ಚಿಕ್ಕ ಮಗುವಿಗೆ ಇದು ನೆನಪಿರಲಿ. ದೊಡ್ಡ ಸರ್ಕಾರಿ ಆಸ್ಪತ್ರೆ ಮಡಿಕೇರಿಯ ವೈದ್ಯಕೀಯ ಕಾಲೇಜಿನದು. ಬಂಗಲೆಯಿಂದ ಅಲ್ಲಿಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತಾಗುತ್ತದೆ ಎಂದು ಅಲ್ಲಿನ ಡ್ರೈವರನ್ನೇ ಕೇಳಿ. ಮ್ಯಾಪ್ ನೋಡಿ ನಂಬಬೇಡಿ.

ಸುಂಟಿಕೊಪ್ಪದ ಸದಸ್ಯರು (ಎಸ್ಟೇಟ್ ಮ್ಯಾನೇಜರ್ ಆಗಿ ನಿವೃತ್ತರು):

ಆನೆ ವಿಷಯ ನಾನು ಹೇಳುತ್ತೇನೆ ಅಕ್ಕಾ. ಆನೆ ಈಗ ಕಾಡಿನಿಂದ ತೋಟಕ್ಕೆ ಬಂದು ಹೋಗುವುದಲ್ಲ, ಎಷ್ಟೋ ಕಡೆ ತೋಟದಲ್ಲೇ ಇರುತ್ತದೆ. ನೆರಳು, ಕೆರೆ, ಹಲಸು ಮೂರೂ ಅಲ್ಲೇ ಸಿಗುತ್ತವೆ. ಬಂಗಲೆ ಸುತ್ತ ಹಲಸಿನ ಮರ ಇದ್ದರೆ ಕಾಯಿ ಎಳೆಯದಾಗಿರುವಾಗಲೇ ಇಳಿಸಿಬಿಡಿ. ಹಣ್ಣಾಗಿ ವಾಸನೆ ಹೊರಟರೆ ಅಂಗಳಕ್ಕೇ ಬರುತ್ತದೆ. ಬಾಳೆಯೂ ಅಷ್ಟೇ. ಬೆಳಗಾಗುವ ಮುಂಚೆ, ಕತ್ತಲಾದ ಮೇಲೆ ಕಾಲ್ನಡಿಗೆ ಬೇಡ. ಮಕ್ಕಳು ಸ್ಕೂಲ್ ಬಸ್ಸಿಗೆ ಗೇಟಿನವರೆಗೆ ಜೀಪಿನಲ್ಲೇ ಹೋಗಲಿ, ಅದನ್ನೂ ಪತ್ರದಲ್ಲಿ ಬರೆಸಿಕೊಳ್ಳಿ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ವಾಟ್ಸಾಪಿನಲ್ಲಿ ತಿಳಿಸುವ ಕಡೆ ಇದ್ದರೆ ನಂಬರ್ ಸೇರಿಸಿ. ಸಹಾಯವಾಣಿ 1926.

ಬಂಗಲೆಯನ್ನು ಡಿಸೆಂಬರಿನಲ್ಲಿ ನೋಡಿ ಒಪ್ಪಬೇಡಿ, ಆಗ ಯಾವ ಮನೆಯೂ ಚೆಂದ. ಜುಲೈನಲ್ಲಿ ನೋಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳಲ್ಲಿ ಮನೆ, ತೋಟ ಎಲ್ಲಾ ಹೋದವು. ಮನೆ ಹಿಂದೆ ಬರೆ (ಗುಡ್ಡದ ಇಳಿಜಾರು) ಕಡಿದು ಜಾಗ ಮಾಡಿದ್ದಾರಾ, ಮೇಲಿನ ನೀರು ಹೋಗಲು ಚರಂಡಿ ಇದೆಯಾ, ಅಷ್ಟು ನೋಡಿ ಸಾಕು. ಜಿಗಣೆಗೆ ಹೆದರಬೇಡಿ, ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತದೆ.

ಯಜಮಾನರಿಗೆ ಒಂದು ಮಾತು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಅದರ ಹಿಂದೆಯೇ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರದಿದ್ದರೆ ಸ್ಪ್ರಿಂಕ್ಲರ್. ಶಿಕಾರಿಗೆ ಪುರುಸೊತ್ತು ಯಾರಿಗಿದೆ?

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ನಿನ್ನೆಯಿಂದ ಇದೇ ಮಾತು. ಇನ್ನೆರಡು ಸಂಶಯ. ತೋಟದ ಆಳುಗಳು ಕಾಡುಹಂದಿ ಮಾಂಸ ತಂದುಕೊಟ್ಟರೆ? ನಾನು ಹೊಡೆದಿಲ್ಲವಲ್ಲ. ಎರಡನೆಯದು, ಕೇರಳದಲ್ಲಿ ಹಂದಿ ಹೊಡೆಯಲು ಪಂಚಾಯಿತಿಯೇ ಅನುಮತಿ ಕೊಡುತ್ತದಂತೆ. ಗಡಿಯಾಚೆ ಸರಿ, ಈಚೆ ತಪ್ಪು ಹೇಗೆ?

ವಕೀಲರು:

ಮಾಂಸ ಬೇಡವೇ ಬೇಡ. ನಿಮ್ಮ ಫ್ರಿಜ್ಜಿನಲ್ಲಿ ಸಿಕ್ಕರೆ ಅದು ಅಕ್ರಮವಾಗಿ ಇಟ್ಟುಕೊಂಡದ್ದು ಎಂದೇ ಕಾಯ್ದೆ ಊಹಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆ ನಿಮ್ಮದು. ಪ್ರೀತಿಯಿಂದ ಕೊಟ್ಟರು ಎನ್ನುವುದು ಸಾಕ್ಷಿ ಆಗುವುದಿಲ್ಲ. ಮ್ಯಾನೇಜರ್ ಒಮ್ಮೆ ತೆಗೆದುಕೊಂಡರೆ ಆಮೇಲೆ ಉರುಳು ಹಾಕಬೇಡಿ ಎಂದು ಹೇಳಲು ಬಾಯಿ ಇರುವುದಿಲ್ಲ, ಅದೂ ಒಂದು.

ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಆ ಅಧಿಕಾರ ಕೊಟ್ಟಿತು. ನಾನು ಮೇಲೆ ಹೇಳಿದ ಅದೇ ಲಿಖಿತ ಆದೇಶದ ಅಧಿಕಾರವನ್ನು ಅವರಿಗೆ ವಹಿಸಿದ್ದು ಅದು. ಅಲ್ಲೂ ಆದೇಶ ಬೇಕು, ಲೈಸೆನ್ಸ್ ಇದ್ದವರು ಬೇಕು. ಆ ಕಾಗದ ಗಡಿ ದಾಟಿ ಕೊಡಗಿಗೆ ಬರುವುದಿಲ್ಲ. ಇಲ್ಲಿ ಬೆಳೆ ಹಾಳಾದರೆ ಫೋಟೋ, ಪಹಣಿ ಇಟ್ಟುಕೊಂಡು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ತೋಟದ ಪರವಾಗಿ ಅದನ್ನು ಹಾಕುವುದೂ ನಿಮ್ಮ ಕೆಲಸವೇ ಆಗಬಹುದು.

ಪ್ರಶ್ನೆ ಕೇಳಿದವರು:

ಹಾಗಾದರೆ ಕೋವಿ ಬೆಂಗಳೂರಿನಲ್ಲೇ ಇರಲಿ ಅಂತೀರಾ? ಅಪ್ಪ ಒಪ್ಪಲ್ಲ.

ವಕೀಲರು:

ಖಾಲಿ ಮನೆಯಲ್ಲಿ ಬೀಗ ಹಾಕಿ ಬಿಟ್ಟು ಹೋಗುವುದು ಮಾತ್ರ ಬೇಡ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಇಲ್ಲವೇ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬಹುದು. ಕೋವಿಯ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಠೇವಣಿಯಲ್ಲಿದ್ದರೂ ಲೈಸೆನ್ಸ್ ನವೀಕರಣ ತಪ್ಪಿಸಬೇಡಿ. ಚುನಾವಣೆ ಬಂದಾಗ ಠೇವಣಿ ಇಡಲು ಆದೇಶ ಬರುವುದುಂಟು, ಅಪ್ಪನಿಗೆ ಅದು ಹೊಸದೇನೂ ಇರಲಿಕ್ಕಿಲ್ಲ.

ನಿಮಗೆ ಗುಂಡು ಹೊಡೆಯುವ ಆಸೆ ಇದ್ದರೆ ಬೆಂಗಳೂರಿನಲ್ಲೇ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ, ಹೋಗಿ ಕಲಿಯಿರಿ. ಅಪ್ಪ ಕೋವಿ ತಂದೇ ತರುತ್ತೇನೆ ಎಂದರೆ ಬಂಗಲೆಯಲ್ಲಿ ಬೀಗ ಇರುವ ಕಬ್ಬಿಣದ ಬೀರು ಬೇಕು, ತೋಟಾ ಬೇರೆ ಕಡೆ ಇರಬೇಕು, ಬೀಗದ ಕೈ ಅಪ್ಪನ ಬಳಿ ಮಾತ್ರ. ಲೈಸೆನ್ಸಿನ ಎರಡೂ ಪುಟದ ಫೋಟೋ ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಗುಂಪಿನಲ್ಲಿ ಹಾಕಬೇಡಿ.