‘ಅಳಿವಿನಂಚು’ ಒಂದೇ, ಹಂತ ಮೂರು: ಪದ ಬೇಕು

ಎಲ್ಲರಿಗೂ ನಮಸ್ಕಾರ.

ಶಾರ್ಕ್ ರೆಕ್ಕೆ ವ್ಯಾಪಾರದ ಬಗ್ಗೆ, ಅಂದರೆ ಡಿಎನ್‌ಎ ನೋಡಿ ಅದು ಯಾವ ಮೀನಿನ ರೆಕ್ಕೆ ಎಂದು ಪತ್ತೆ ಹಚ್ಚುವುದರ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದಕ್ಕಾಗಿ ಬರಹ ನಿಂತಿದೆ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌, ಜೀವಿಗಳಿಗಿರುವ ಅಳಿವಿನ ಅಪಾಯವನ್ನು ಅಳೆದು ಮಾಡುವ ಕೆಂಪು ಪಟ್ಟಿಯಲ್ಲಿ ‘ಥ್ರೆಟನ್ಡ್’ ಅನ್ನುವುದು ಒಂದು ಹಂತದ ಹೆಸರಲ್ಲ. ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್ ಮೂರಕ್ಕೂ ಸೇರಿ ಇರುವ ಹೆಸರು. ನಮ್ಮ ಪತ್ರಿಕೆಗಳಲ್ಲಿ ಈ ಎಲ್ಲದಕ್ಕೂ ‘ಅಳಿವಿನಂಚಿನ’ ಅಂತಲೇ ಬರುತ್ತದೆ. ಆದರೆ ಹಂತಗಳ ನಡುವಿನ ಅಂತರ ಸಣ್ಣದಲ್ಲ ಅಲ್ವಾ? ಹಂತ ನಿರ್ಧರಿಸುವ ಅಳತೆಗಳಲ್ಲಿ ಒಂದು ಹೀಗಿದೆ: ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟರೊಳಗೆ ಸಂಖ್ಯೆ ಶೇ 30 ಕುಸಿದರೆ ಮೊದಲನೆಯದು, ಶೇ 50 ಆದರೆ ಎರಡನೆಯದು, ಶೇ 80 ಆದರೆ ಮೂರನೆಯದು.

ರೆಕ್ಕೆಯ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಸುತ್ತಿಗೆಯಂಥ ತಲೆಯ ಶಾರ್ಕ್ ಆದ ಹ್ಯಾಮರ್‌ಹೆಡ್ ಇಡಿಯಾಗಿ ಕಣ್ಣೆದುರು ಇದ್ದರೆ ತಲೆಯ ಅಂಚು ನೋಡಿ ಯಾವುದೆಂದು ಹೇಳಬಹುದು. ಚರ್ಮ ಸುಲಿದು, ಬಿಳುಪು ಮಾಡಿ, ಒಣಗಿಸಿದ ರೆಕ್ಕೆಯಲ್ಲಿ ಕಣ್ಣಿಗೆ ಏನೂ ಸಿಗುವುದಿಲ್ಲ. ಆಗ ಒಂದು ಚೂರು ಕತ್ತರಿಸಿ ಜೀವಕೋಶದೊಳಗಿನ ಮೈಟೋಕಾಂಡ್ರಿಯದ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದುತ್ತಾರೆ. ಸಂಸ್ಕರಿಸಿದ ರೆಕ್ಕೆಯಲ್ಲಿ ಡಿಎನ್‌ಎ ತುಂಡುತುಂಡಾಗಿರುವುದರಿಂದ ಎಷ್ಟೋ ಸಲ ಅದೇ ಜೀನಿನ ಪುಟ್ಟ ಭಾಗವೊಂದನ್ನೇ ಓದಬೇಕಾಗುತ್ತದೆ. ಹಾಂಗ್‌ಕಾಂಗ್ ಅಂಗಡಿಗಳಿಂದ ತಂದ ಚೂರುಗಳನ್ನು ಹೀಗೆ ಓದಿದಾಗ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಬ್ಲೂ ಶಾರ್ಕ್. ಜೊತೆಗೆ ಹ್ಯಾಮರ್‌ಹೆಡ್‌ಗಳೂ ಇದ್ದವು. ಅವುಗಳಲ್ಲಿ ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್ ಮೂರನೆಯ ಹಂತದ್ದು, ಸ್ಮೂತ್ ಹ್ಯಾಮರ್‌ಹೆಡ್ ಮೊದಲನೆಯದು. ಬ್ಲೂ ಶಾರ್ಕ್ ಈ ಮೂರರ ಹೊರಗಿದೆ, ಆದರೆ ಅವಕ್ಕೆ ಹತ್ತಿರದ ‘ನಿಯರ್ ಥ್ರೆಟನ್ಡ್’ ಹಂತದಲ್ಲಿದೆ. ಇವೆಲ್ಲ ಸಿಕ್ಕ ಚೀಲದ ಬಗ್ಗೆ ‘ಅಳಿವಿನಂಚಿನ ಮೀನು ಪತ್ತೆ’ ಎಂದು ಬರೆದರೆ ಓದುಗರಿಗೆ ಏನು ತಿಳಿಯಬೇಕು?

ಸೈಟಿಸ್ ಪಟ್ಟಿಗೂ ಇದೇ ಪದ ಬಳಸುತ್ತಾರೆ. ಅದು ಬೇರೆಯೇ ಪಟ್ಟಿ, ಕಾಡು ಪ್ರಾಣಿ–ಸಸ್ಯಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದರ ಮೇಲೆ ದೇಶಗಳು ಒಪ್ಪಿಕೊಂಡ ಕಟ್ಟುಪಾಡು. ಮೇಲಿನ ಎರಡು ಹ್ಯಾಮರ್‌ಹೆಡ್‌ಗಳನ್ನು 2013ರಲ್ಲಿ ಅದರ ಎರಡನೇ ಅನುಬಂಧಕ್ಕೆ ಸೇರಿಸಿದರು, ಬ್ಲೂ ಶಾರ್ಕನ್ನು 2022ರಲ್ಲಿ. ಅಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಮೀನು ಅಳಿವಿನಂಚಿನಲ್ಲಿದೆ ಎಂದಲ್ಲ.

ನನ್ನ ಸಲಹೆ: ‘ಅಳಿವಿನಂಚಿನ’ ಕೊನೆಯ ಹಂತಕ್ಕೆ ಮಾತ್ರ ಇರಲಿ. ನಡುವಿನದಕ್ಕೆ ‘ಅಪಾಯದಲ್ಲಿರುವ’ ಸರಿಹೋಗುತ್ತದೆ. ಮೂರಕ್ಕೂ ಸೇರಿ ‘ಕುತ್ತಿನಲ್ಲಿರುವ’ ನನಗೆ ಇಷ್ಟ, ‘ಜೀವಕ್ಕೆ ಕುತ್ತು’ ಎಲ್ಲರ ಬಾಯಲ್ಲೂ ಇದೆ. ಆದರೆ ‘ಕುತ್ತಿಗೆ ಸಿಕ್ಕಿದ ಮೀನು’ ಎಂದು ಬರೆಯಬೇಕಾಗಿ ಬಂದಾಗ ಅದು ಕತ್ತಿನ ಅರ್ಥಕ್ಕೆ ಹೊರಳುತ್ತದೆ. ವಲ್ನರಬಲ್‌ಗೆ ಕೆಲವು ಕಡೆ ‘ದುರ್ಬಲ’ ನೋಡಿದ್ದೇನೆ. ಶಾರ್ಕ್ ದುರ್ಬಲ ಅಲ್ಲವೇ ಅಲ್ಲ, ಅದನ್ನು ಬೇಡ ಅನ್ನುತ್ತೇನೆ. ಅದಕ್ಕೆ ಒಳ್ಳೆಯ ಪದ ಯಾವುದು?

ಕರಾವಳಿಯವರಿಗೆ ಇನ್ನೊಂದು ಕೇಳಿಕೆ. ತಾಟೆಗಳಲ್ಲಿ, ಅಂದರೆ ಶಾರ್ಕ್‌ಗಳಲ್ಲಿ, ಹ್ಯಾಮರ್‌ಹೆಡ್‌ಗೆ ನಿಮ್ಮ ಬಂದರಿನಲ್ಲಿ ಬೇರೆ ಹೆಸರಿದೆಯೇ? ಮಲ್ಪೆ, ಗಂಗೊಳ್ಳಿ, ಕಾರವಾರದಲ್ಲಿ ಬೇರೆಬೇರೆ ಇದ್ದರೆ ಎಲ್ಲವನ್ನೂ ತಿಳಿಸಿ. ಬಲೆಗೆ ಬೀಳುವುದು ವರ್ಷವರ್ಷ ಕಡಿಮೆಯಾಗುತ್ತಿರುವ ಮೀನಿಗೆ ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ ಎಂಬುದನ್ನೂ ಬರೆಯಿರಿ.