ಪ್ರಶ್ನೋತ್ತರ: ಪಿತ್ತನಾಳದಲ್ಲಿ ಕಲ್ಲು, ಇಆರ್‌ಸಿಪಿ ಅಂದರೆ ಏನು ಮಾಡುತ್ತಾರೆ?

ಪ್ರಶ್ನೆ (ಮದ್ದೂರಿನಿಂದ): ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 58 ವರ್ಷ. ಕಣ್ಣು ಹಳದಿಯಾಗಿದೆ, ಮೈಯೆಲ್ಲ ತುರಿಕೆ, ಬಲಗಡೆ ಪಕ್ಕೆಯ ಕೆಳಗೆ ನೋವು. ಊರಿನವರು ಕಾಮಾಲೆಗೆ ನಾಟಿ ಔಷಧಿ ಕೊಡಿಸಿ ಅಂತಾರೆ. ಮಂಡ್ಯದಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲಿದೆ, ಪಿತ್ತನಾಳ ಊದಿದೆ ಅಂದರು. ಮೈಸೂರಿನಲ್ಲಿ ಎಂಆರ್‌ಸಿಪಿ, ಆಮೇಲೆ ಇಆರ್‌ಸಿಪಿ ಮಾಡಿಸಿ ಎಂದು ಬರೆದುಕೊಟ್ಟಿದ್ದಾರೆ. ಎರಡೂ ಯಾಕೆ? ಹೊಟ್ಟೆ ಕೊಯ್ಯುತ್ತಾರಾ?

ಉತ್ತರ (ಗ್ಯಾಸ್ಟ್ರೋ ಡಾಕ್ಟರ್, ಮೈಸೂರು): ನಾಟಿ ಔಷಧಿಗೆ ಅಂತ ದಿನ ಕಳೆಯಬೇಡಿ, ದಯವಿಟ್ಟು. ಹೆಪಟೈಟಿಸ್ ಎ ಥರದ ವೈರಸ್ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಹೋಗುತ್ತದೆ. ನಿಮ್ಮ ಅಮ್ಮನಿಗೆ ಪಿತ್ತ ಹರಿಯುವ ದಾರಿಯೇ ಕಟ್ಟಿಕೊಂಡ ಹಾಗಿದೆ. ಚಳಿಜ್ವರ ಶುರುವಾದರೆ ನಾಳದಲ್ಲಿ ಸೋಂಕು ಅಂತ ತಿಳಿಯಿರಿ. ಆಗ ಅಪಾಯಿಂಟ್‌ಮೆಂಟ್ ಕಾಯಬಾರದು, ರಾತ್ರಿಯಾದರೂ ಎಮರ್ಜೆನ್ಸಿಗೆ ಕರೆತನ್ನಿ.

ಎಂಆರ್‌ಸಿಪಿ ಬರೀ ಸ್ಕ್ಯಾನ್. ಕಲ್ಲು ಎಲ್ಲಿದೆ ಅಂತ ತೋರಿಸುತ್ತದೆ, ಅಷ್ಟೇ. ತೆಗೆಯುವುದು ಇಆರ್‌ಸಿಪಿಯಲ್ಲಿ. ಹೊಟ್ಟೆ ಕೊಯ್ಯುವುದಿಲ್ಲ. ಮಂಪರು ಕೊಟ್ಟು ಬಾಯಿಯಿಂದ ಕೊಳವೆ ಬಿಡುತ್ತೇವೆ. ಇದರ ಕ್ಯಾಮೆರಾ ಮುಂದಕ್ಕಲ್ಲ, ಪಕ್ಕಕ್ಕೆ ನೋಡುತ್ತದೆ. ಯಾಕೆಂದರೆ ಪಿತ್ತನಾಳ ಸಣ್ಣ ಕರುಳಿಗೆ ಸೇರುವ ಬಾಯಿ ಕರುಳಿನ ಪಕ್ಕದ ಗೋಡೆಯಲ್ಲಿದೆ. ಅದರೊಳಗೆ ತೆಳು ತಂತಿ ತೂರಿಸಿ, ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುತ್ತೇವೆ. ಆ ಬಾಯನ್ನು ಕರೆಂಟ್ ತಂತಿಯಿಂದ ಸ್ವಲ್ಪ ಅಗಲ ಮಾಡುತ್ತೇವೆ. ಪುಟ್ಟ ಬಲೂನನ್ನು ಕಲ್ಲಿನ ಮೇಲಕ್ಕೆ ಕಳಿಸಿ, ಉಬ್ಬಿಸಿ, ಮೆಲ್ಲಗೆ ಎಳೆದರೆ ಕಲ್ಲು ಕರುಳಿಗೆ ಬೀಳುತ್ತದೆ. ಆಮೇಲೆ ಮಲದಲ್ಲೇ ಹೋಗುತ್ತದೆ.

ಮೇದೋಜೀರಕ ಗ್ರಂಥಿಯ ನಾಳವೂ ಅಲ್ಲೇ ತೆರೆದುಕೊಳ್ಳುವುದರಿಂದ ಅಪಾಯವೂ ಅಲ್ಲೇ. 100ರಲ್ಲಿ ಸುಮಾರು 3ರಿಂದ 10 ಜನರಿಗೆ ಆ ಗ್ರಂಥಿ ಊದಿಕೊಳ್ಳುತ್ತದೆ. ಹೆಚ್ಚಿನವರಿಗೆ ಡ್ರಿಪ್ ಹಾಕಿದರೆ ಕಡಿಮೆಯಾಗುತ್ತದೆ, ಕೆಲವರಿಗೆ ಮಾತ್ರ ಜೋರಾಗುತ್ತದೆ. ಇದನ್ನು ತಗ್ಗಿಸಲು ಗುದದ್ವಾರದಲ್ಲಿ ಡೈಕ್ಲೊಫೆನಾಕ್ ಮಾತ್ರೆ ಇಡುತ್ತೇವೆ. ಈ ಅಪಾಯಕ್ಕೇ ಸುಮ್ನೆ ನೋಡಲು ಅಂತ ಇಆರ್‌ಸಿಪಿ ಮಾಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಅದೇ ಸದಸ್ಯರು, ಕೆಲವು ದಿನಗಳ ನಂತರ: ಕಲ್ಲು ತೆಗೆದರು ಡಾಕ್ಟ್ರೇ, ಪಿತ್ತ ಹರಿಯಲಿ ಅಂತ ನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದ್ದಾರೆ. ಕಣ್ಣು ಬಿಳಿಯಾಗ್ತಿದೆ. ಪಿತ್ತಕೋಶದ ಆಪರೇಷನ್ ಬೇಡ ಅಂತಾರೆ ಅಮ್ಮ. ಬಿಡಬಹುದಾ?

ಉತ್ತರ: ಆಪರೇಷನ್ ಬಿಡಬೇಡಿ. ಕಲ್ಲು ಹೆಚ್ಚಾಗಿ ಹುಟ್ಟುವುದೇ ಪಿತ್ತಕೋಶದಲ್ಲಿ, ಮತ್ತೆ ಜಾರಿ ಬರಬಹುದು. ಲ್ಯಾಪ್ರೋಸ್ಕೋಪಿಯಲ್ಲಿ ಬೇಗ ತೆಗೆಸಿಬಿಡಿ. ಅಮ್ಮನಿಗೆ ಭಯ ಇದ್ದರೆ ಸರ್ಜನ್ ಹತ್ತಿರವೇ ಕೂರಿಸಿ ಮಾತಾಡಿಸಿ.

ಸ್ಟೆಂಟ್ ಪ್ಲಾಸ್ಟಿಕ್ಕಾ ಅಂತ ಕೇಳಿದ್ದೀರಾ? ಪ್ಲಾಸ್ಟಿಕ್ ಆದರೆ ಸಾಮಾನ್ಯವಾಗಿ 3 ತಿಂಗಳೊಳಗೆ ತೆಗೆಸಬೇಕು. ಮರೆತವರು ತುಂಬಾ ಜನ, ನೋವಿಲ್ಲವಲ್ಲ ಅಂತ. ಸ್ಟೆಂಟ್ ಒಳಗೇ ಕಟ್ಟಿಕೊಂಡು ಚಳಿಜ್ವರದಲ್ಲಿ ಬರುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ತೆಗೆಯುವ ದಿನಾಂಕ ಬರೆಸಿಕೊಂಡು ಮೊಬೈಲಿನಲ್ಲಿ ಅಲಾರಂ ಇಡಿ.

ಇನ್ನೊಬ್ಬರು (ಶ್ರೀರಂಗಪಟ್ಟಣ): ನಮ್ಮ ತಂದೆಗೂ ಕಾಮಾಲೆ ಸರ್. ಆದರೆ ನೋವೇ ಇಲ್ಲ, ತೂಕ ಮಾತ್ರ ಇಳೀತಿದೆ.

ಉತ್ತರ: ನೋವಿಲ್ಲ ಅಂತ ಸಮಾಧಾನ ಬೇಡ. ಮೇದೋಜೀರಕ ಗ್ರಂಥಿಯ ಗಡ್ಡೆ ನಾಳವನ್ನು ಒತ್ತಿದರೂ ಹೀಗೇ ಆಗುತ್ತದೆ. ಈ ವಾರವೇ ಸಿಟಿ ಸ್ಕ್ಯಾನ್ ಮಾಡಿಸಿ. ಗಡ್ಡೆ ಕಂಡರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ (ಬಾಯಿಯಿಂದ ಕೊಳವೆ ಬಿಟ್ಟು ಒಳಗಿನಿಂದ ಮಾಡುವ ಸ್ಕ್ಯಾನ್) ಹತ್ತಿರದಿಂದ ನೋಡಿ, ಬೇಕಾದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು. ರಿಪೋರ್ಟ್ ಬಂದ ಕೂಡಲೇ ಇಲ್ಲಿ ಬರೆಯಿರಿ, ನೋಡುತ್ತೇನೆ.